ಕಪಾಟಿನಲ್ಲಿ ಬೆಳೆದ ಪೈರು

ಮೂಡುಬಿದಿರೆ ಕಡೆಯ ನಮ್ಮ ಮನೆಯಲ್ಲಿ ಡಿಸೆಂಬರ್ ಹತ್ತರ ಹೊತ್ತಿಗೆ ಅಮ್ಮ ನಾಲ್ಕೈದು ಗೆರಟೆ ತೊಳೆದಿಟ್ಟರೆ ಕ್ರಿಸ್ಮಸ್ ಬಂತು ಅಂತಲೇ ಲೆಕ್ಕ. ಗೆರಟೆಗೆ ಗದ್ದೆಯ ಮಣ್ಣು ತುಂಬಿ, ರಾತ್ರಿ ನೆನೆಸಿಟ್ಟ ಭತ್ತ ಚೆಲ್ಲಿ, ಅಂಗಳದ ಬಿಸಿಲಲ್ಲಿ ಇಡುತ್ತಿದ್ದೆವು. ನೀರು ಹಾಕುವ ಕೆಲಸ ನನ್ನದು ಮತ್ತು ತಮ್ಮನದು. ಇಪ್ಪತ್ನಾಲ್ಕರ ಹೊತ್ತಿಗೆ ಗೇಣುದ್ದ ಹಸಿರು ಪೈರು. ಮುಳಿಹುಲ್ಲು ಹೊದಿಸಿದ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಮುಂದೆ ಅದನ್ನು ಸಾಲಾಗಿ ಇಟ್ಟರೆ ಬೆತ್ಲೆಹೇಮಿಗೂ ನಮ್ಮ ಬೈಲಿಗೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ತಮ್ಮ ಒಂದು ವರ್ಷ ಕತ್ತೆಯ ಕಾಲು ಮುರಿದು ಹಾಕಿ, ಅದರ ಜಾಗದಲ್ಲಿ ತನ್ನ ಪ್ಲಾಸ್ಟಿಕ್ ಎಮ್ಮೆ ನಿಲ್ಲಿಸಿದ್ದ. ಯಾರೂ ಬೈಯಲಿಲ್ಲ.

ಈಗ ನಾನಿರುವುದು ಮಾಲ್ಟಾದಲ್ಲಿ. ಮೆಡಿಟರೇನಿಯನ್ ಸಮುದ್ರದ ನಡುವಿನ ಸಣ್ಣ ದೇಶ. ಎಲ್ಲಾ ಸೇರಿಸಿದರೂ 316 ಚದರ ಕಿಲೋಮೀಟರ್, ನಮ್ಮ ಒಂದು ತಾಲೂಕಿನಷ್ಟು. ವೃದ್ಧಾಶ್ರಮದಲ್ಲಿ ನರ್ಸ್ ಕೆಲಸ, ಬಿರ್ಕಿರ್ಕಾರಾದಲ್ಲಿ ಬಾಡಿಗೆ ಮನೆ. ಮೊದಲ ಡಿಸೆಂಬರಿನಲ್ಲಿ ಭತ್ತಕ್ಕಾಗಿ ಹುಡುಕಾಡಿದೆ. ಎಲ್ಲಿ ಸಿಗಬೇಕು? ಸೂಪರ್ ಮಾರ್ಕೆಟಿನಿಂದ ಕಂದು ಅಕ್ಕಿ ತಂದು ನೆನೆಸಿ, ತಿಂಡಿಯ ಡಬ್ಬಿಯಲ್ಲಿ ಮಣ್ಣು ಹಾಕಿ ಬಿತ್ತಿದೆ. ಐದನೇ ದಿನ ಅಡುಗೆಮನೆ ತುಂಬ ಹುಳಿ ವಾಸನೆ. ಎಸೆಯಲು ಕೆಳಗೆ ಹೋದಾಗ ಮನೆಯೊಡತಿ ಸಿಕ್ಕಿದರು. ಎಂಬತ್ತರ ಹತ್ತಿರದ ಅಜ್ಜಿ. ಮಾಲ್ಟೀಸ್ ಭಾಷೆಯಲ್ಲಿ ಅಜ್ಜಿಗೆ ನನ್ನಾ ಅನ್ನುತ್ತಾರೆ. ಹಾಗಾಗಿ ನಾನೂ ಅವರನ್ನು ನನ್ನಾ ಅಂತಲೇ ಕರೆಯುವುದು. ಕನ್ನಡದ ಕಿವಿಗೆ ಅದು ಬೇರೆ ರೀತಿಯಲ್ಲೇ ಕೇಳಿಸುತ್ತದೆ, ಅಲ್ವಾ?

ವಿಷಯ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ನಿಮ್ಮಲ್ಲೂ ಜುಲ್ಬೀನಾ ಮಾಡ್ತಾರಾ?" ಅಂದರು.

ಜುಲ್ಬೀನಾ ಅಂದರೆ ಒಂದು ಜಾತಿಯ ಸಣ್ಣ ಕಾಳು, ದನಕರುಗಳ ಮೇವಿಗೆ ಬೆಳೆಯುವಂಥದ್ದು. ಹಬ್ಬಕ್ಕೆ ಸುಮಾರು ಐದು ವಾರ ಮೊದಲೇ ಒಂದು ತಟ್ಟೆಯಲ್ಲಿ ಒದ್ದೆ ಹತ್ತಿ ಹಾಸಿ ಅದನ್ನು ಬಿತ್ತುತ್ತಾರೆ. ನಮ್ಮ ಹಾಗೆಯೇ ಗೋದಲಿಗೆ, ಬಾಲಯೇಸುವಿನ ಸುತ್ತ ಇಡಲು. ಮರುವರ್ಷ ನವೆಂಬರಿನಲ್ಲಿ ನನ್ನಾ ಒಂದು ಹಿಡಿ ಕಾಳು ಕೊಟ್ಟು, ಕತ್ತಲೆಯಲ್ಲಿಡು ಅಂದರು. ನಾನು ಅರ್ಧಂಬರ್ಧ ಕೇಳಿಸಿಕೊಂಡೆ. ಪೈರು ಅಂದಮೇಲೆ ಬಿಸಿಲು ಬೇಡವಾ? ತಟ್ಟೆಯನ್ನು ಕಿಟಕಿ ಹತ್ತಿರ ಇಟ್ಟು ದಿನಾ ನೀರು ಹಾಕಿದೆ. ಚೆನ್ನಾಗಿ ಹಸಿರಾಗಿ ಬಂತು. ಹೆಮ್ಮೆಯಿಂದ ತೋರಿಸಿದರೆ ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ ತಮ್ಮ ಬಟ್ಟೆ ಕಪಾಟು ತೆರೆದರು.

ಒಳಗೆ, ಕೋಟುಗಳ ಕೆಳಗೆ, ಮೂರು ತಟ್ಟೆ. ಬಿಳಿ ಎಳೆಗಳು ಮೊಣಕೈ ಉದ್ದಕ್ಕೆ ಬೆಳೆದು, ತಟ್ಟೆಯ ಅಂಚಿನಿಂದ ಹೊರಗೆ ಬಾಗಿ ಬಿದ್ದಿದ್ದವು. ಮುದುಕರ ಗಡ್ಡದ ಹಾಗೆ. ತುದಿಯಲ್ಲಿ ಮಾತ್ರ ಚಿಕ್ಕದೊಂದು ತಿಳಿಹಳದಿ ಎಲೆ. ಬೆಳಕು ಕಾಣದಿದ್ದರೆ ಎಲೆಯಲ್ಲಿ ಹಸಿರು ಹುಟ್ಟುವುದಿಲ್ಲ, ಬೆಳಕು ಹುಡುಕಿಕೊಂಡು ಕಾಂಡ ಮಾತ್ರ ಉದ್ದ ಆಗುತ್ತಾ ಹೋಗುತ್ತದೆ. ನಮ್ಮೂರಲ್ಲಾದರೆ ಇಂಥ ಪೈರಿಗೆ ರೋಗ ಬಂದಿದೆ ಅನ್ನುತ್ತಿದ್ದರು. ಇಲ್ಲಿ ಬೇಕಾಗಿರುವುದೇ ಅದು.

ಇಲ್ಲಿಯ ಗೋದಲಿಗೆ ಪ್ರೆಸೆಪ್ಯು ಅನ್ನುತ್ತಾರೆ. ರಬಾತ್ ಊರಿನ ಡೊಮಿನಿಕನ್ ಸನ್ಯಾಸಿಗಳ ಚರ್ಚಿನಲ್ಲಿ 1617ರಲ್ಲಿ ಇಟ್ಟದ್ದೇ ಈ ದೇಶದ ಮೊದಲ ಗೋದಲಿ ಅನ್ನುವುದು ಇಲ್ಲಿಯವರ ಮಾತು. ಅದಕ್ಕೂ ಹಿಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ 1223ರ ಕ್ರಿಸ್ಮಸ್ ರಾತ್ರಿ ಸಂತ ಫ್ರಾನ್ಸಿಸ್ ಹುಲ್ಲು ಹಾಕಿದ ಮೇವಿನ ತೊಟ್ಟಿ ಇಟ್ಟು, ಪಕ್ಕದಲ್ಲಿ ನಿಜವಾದ ಎತ್ತು ಮತ್ತು ಕತ್ತೆ ಕಟ್ಟಿಸಿದ್ದರು. ತಮಾಷೆ ಏನೆಂದರೆ ಲೂಕನ ಸುವಾರ್ತೆಯಲ್ಲಿ ಮೇವಿನ ತೊಟ್ಟಿ ಇದೆ, ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವೆರಡನ್ನು ಹಳೆ ಒಡಂಬಡಿಕೆಯ ಯೆಶಾಯನ ಒಂದು ಮಾತಿನಿಂದ ಎಳೆದು ತಂದದ್ದು. ಅಂದಮೇಲೆ ತಮ್ಮನ ಎಮ್ಮೆಯದು ಅಂಥ ದೊಡ್ಡ ತಪ್ಪೇನಲ್ಲ.

ನನ್ನಾ ಮನೆಯ ಗೋದಲಿಯಲ್ಲಿ ಗುಡ್ಡ ಮಾಡಿದ್ದು ಕಲ್ಲಿದ್ದಲು ಉರಿದು ಉಳಿದ ಕಿಟ್ಟದಿಂದ. ಗುಡ್ಡದ ಮೇಲೆ ಗಾಳಿಗಿರಣಿ. ಬೆತ್ಲೆಹೇಮಿನಲ್ಲಿ ಗಾಳಿಗಿರಣಿ ಎಲ್ಲಿಂದ ಬಂತು ಅಂತ ಕೇಳಬಾರದು, ಮಾಲ್ಟಾದಲ್ಲಿ ಇತ್ತು, ಬಂತು. ಮಣ್ಣಿನ ಬೊಂಬೆಗಳಿಗೆ ಪಸ್ತೂರಿ ಎಂದು ಹೆಸರು. ಒಬ್ಬ ಚರ್ಮದ ಚೀಲ ಊದಿ ವಾದ್ಯ ನುಡಿಸುತ್ತಾನೆ. ಇನ್ನೊಬ್ಬ ಎರಡೂ ಕೈ ಮೇಲೆತ್ತಿ ಬಾಯಿ ಬಿಟ್ಟು ನಿಂತಿದ್ದಾನೆ, ಅವನ ಕೆಲಸ ಆಶ್ಚರ್ಯಪಡುವುದಷ್ಟೇ. ಮತ್ತೊಬ್ಬ ಇಷ್ಟೆಲ್ಲ ಆದರೂ ಮಲಗಿಯೇ ಇದ್ದಾನೆ. ನೈಟ್ ಡ್ಯೂಟಿ ಮಾಡುವವಳಿಗೆ ಅವನೇ ಜಾಸ್ತಿ ಇಷ್ಟ.

ಈ ವರ್ಷ ನಾನೂ ಒಂದು ಗೋದಲಿ ಮಾಡಿದೆ. ಶೂ ಡಬ್ಬಿ, ಕಂದು ಕಾಗದ, ಊರಿಂದ ತಂದ ಒಂದು ತುಂಡು ಅಡಿಕೆ ಹಾಳೆಯ ಮಾಡು. ರಜೆಗೆ ಊರಿಗೆ ಹೋದ ಕೇರಳದ ರೂಮ್‌ಮೇಟ್ ಕಪಾಟಿನಲ್ಲಿ ಒಂದು ತಟ್ಟೆ ಜುಲ್ಬೀನಾ. ಕಿಟಕಿಯಲ್ಲಿ ಇನ್ನೊಂದು ತಟ್ಟೆ. ಕುಸ್ವಾರ್‌ಗೆ, ಅಂದರೆ ಕ್ರಿಸ್ಮಸ್ ತಿಂಡಿಗಳಿಗೆ, ಕಿಡ್ಯೊ ಮತ್ತು ಕೊಕ್ಕಿಸಾಂ ಮಾತ್ರ ಆಯ್ತು, ನೆವ್ರ್ಯೊ ಮಾಡುವ ತಾಳ್ಮೆ ನನಗಿಲ್ಲ. ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ ಸುರುಳಿ ಮಾಡುವುದನ್ನು ನೋಡಲು ನನ್ನಾ ಬಂದು ಕೂತರು. ಕಿಡ್ಯೊ ಅಂದರೆ ಹುಳುಗಳು ಅಂತ ಹೇಳಿದ ಮೇಲೂ ನಾಲ್ಕು ತಿಂದರು. ತಿರುಗಿ ಒಂದು ಜೇನಿನ ಬಳೆಯಂಥ ತಿಂಡಿ ಕೊಟ್ಟು ಹೋದರು.

ಇಪ್ಪತ್ನಾಲ್ಕರ ಸಂಜೆ ಏಳೂವರೆಗೆ ಅಮ್ಮನ ವಿಡಿಯೋ ಕಾಲ್. ಊರಲ್ಲಿ ಆಗ ಸರಿಯಾಗಿ ನಡುರಾತ್ರಿ. ಈ ವರ್ಷ ಚರ್ಚಿನ ಪೂಜೆ ಬೇಗ ಮುಗಿದು ಅಮ್ಮ ಮನೆಗೆ ಬಂದಾಗಿತ್ತು. ಗೋದಲಿಯಲ್ಲಿ ಮಗುವನ್ನು ಮಲಗಿಸಿ, ನನ್ನದನ್ನು ತೋರಿಸು ಅಂದರು. ತೋರಿಸಿದೆ. ಇಲ್ಲಿನ್ನೂ ನಡುರಾತ್ರಿ ಆಗಿರಲಿಲ್ಲ, ಮಗುವಿನ ಜಾಗ ಖಾಲಿ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಎಡಗಡೆಯದ್ದಕ್ಕೆ ನೀರು ಹಾಕಲಿಲ್ವಾ ನೀನು? ಬೆಳ್ಳಗಾಗಿದೆಯಲ್ಲ!"

ರಾತ್ರಿ ನನ್ನಾ ಜೊತೆ ಚರ್ಚಿಗೆ ಹೋದೆ. ಅಲ್ಲಿ ಪ್ರವಚನ ಮಾಡಿದ್ದು ಪಾದ್ರಿಯಲ್ಲ, ಎಂಟು ಒಂಬತ್ತು ವರ್ಷದ ಒಬ್ಬ ಹುಡುಗ. ಇದೂ ಇಲ್ಲಿಯ ಪದ್ಧತಿ, ಲೂಆ ಎಂಬ ಊರಿನ ಚರ್ಚಿನಲ್ಲಿ 1883ರಲ್ಲಿ ಶುರುವಾದದ್ದು. ಹುಡುಗ ಕೈ ಬೀಸಿ ಬೀಸಿ ಬಾಯಿಪಾಠ ಒಪ್ಪಿಸಿದ. ನಡುವೆ ಒಂದು ಕಡೆ ಮರೆತು ನಿಂತ. ಮುಂದಿನ ಸಾಲಿನಲ್ಲಿದ್ದ ಅವನಮ್ಮನ ತುಟಿ ಮಾತ್ರ ಅಲ್ಲಾಡುತ್ತಿತ್ತು.

ಬಾಲಯೇಸುವನ್ನು ನೋಡಲು ಬಂದ ಮೂವರು ರಾಯರ ಹಬ್ಬ ಕಳೆದು ಗೋದಲಿ ಬಿಚ್ಚಿದೆ. ಊರಲ್ಲಾದರೆ ಪೈರು ಕರುವಿಗೆ ಹೋಗುತ್ತಿತ್ತು. ಇಲ್ಲಿ ಏನು ಮಾಡಲಿ ಅಂತ ಕೇಳಿದ್ದಕ್ಕೆ ನನ್ನಾ ಎರಡೂ ತಟ್ಟೆ ಇಸಿದುಕೊಂಡರು. ಅವರ ತಮ್ಮ ಮೊಲ ಸಾಕಿದ್ದಾರಂತೆ. ಮಾಲ್ಟಾದಲ್ಲಿ ಮೊಲವನ್ನು ಯಾಕೆ ಸಾಕುತ್ತಾರೆ ಅಂತ ಇಷ್ಟು ದಿನದಲ್ಲಿ ಗೊತ್ತಾಗಿತ್ತು. ನಾನು ಸುಮ್ನೆ ತಟ್ಟೆ ಕೊಟ್ಟು ಬಂದೆ.