1977ರ ಫಲಿತಾಂಶ ನಮ್ಮ ಮನೆಗೆ ಬಂದ ಬಗೆ

ನಾನು ಮೊದಲ ಸಲ ಓಟು ಹಾಕಿದ್ದು 1977ರ ಲೋಕಸಭೆ ಚುನಾವಣೆಯಲ್ಲಿ. ಆಗ ಓಟಿನ ವಯಸ್ಸು 21. ನಮ್ಮ ಮನೆ ಬಸವನಗುಡಿಯಲ್ಲಿತ್ತು, ಕ್ಷೇತ್ರ ಬೆಂಗಳೂರು ದಕ್ಷಿಣ. ಆಮೇಲೆ ಎಷ್ಟೋ ಫಲಿತಾಂಶ ನೋಡಿದ್ದೇನೆ. ಆ ಮಾರ್ಚ್ ರಾತ್ರಿಯಷ್ಟು ಎದೆ ಹೊಡೆದುಕೊಂಡ ರಾತ್ರಿ ಮತ್ತೆ ಬಂದಿಲ್ಲ.

ಅದಕ್ಕೆ ಕಾರಣ ನಮ್ಮ ಕಾಲೇಜಿನ ಮೇಷ್ಟ್ರೊಬ್ಬರು. ತುರ್ತು ಪರಿಸ್ಥಿತಿ ಬಂದ ಮೇಲೆ ಒಂದು ಬೆಳಗ್ಗೆ ಪೊಲೀಸರು ಅವರನ್ನು ಮನೆಯಿಂದ ಕರೆದುಕೊಂಡು ಹೋದರು. ಸೈಕ್ಲೋಸ್ಟೈಲ್ ಮಾಡಿದ ಕೆಲವು ಹಾಳೆ ಸಿಕ್ಕಿತ್ತಂತೆ. ಮೀಸಾ ಕಾಯಿದೆ ಹಾಕಿದರು. ಅಂದರೆ ವಿಚಾರಣೆ ಇಲ್ಲ, ಯಾವಾಗ ಬಿಡುತ್ತಾರೆ ಅನ್ನುವುದೂ ಇಲ್ಲ. ಅವರ ಹೆಂಡತಿ ಗೊತ್ತಿದ್ದ ವಕೀಲರ ಮನೆಗೆಲ್ಲ ಹೋಗಿ ಬಂದರು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಇಂಥ ಬಂಧನದ ಬಗ್ಗೆ ಕೋರ್ಟಿನಲ್ಲಿ ಕೇಳುವ ಹಾಗಿಲ್ಲ ಎಂದಿತು. ಆಮೇಲೆ ಆಕೆ ಎಲ್ಲಿಗೂ ಹೋಗಲಿಲ್ಲ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದಾರೆ ಎಂದು ಊರೆಲ್ಲ ಪಿಸುಮಾತು. ಪೇಪರಿನಲ್ಲಿ ಒಂದು ಸಾಲೂ ಇಲ್ಲ. ಆಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಅದೇ ಜೈಲಿನಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ, ತೀರಿಕೊಂಡರು. ಅದೇ ಜನವರಿ 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದ್ದರು.

ನಮ್ಮ ಕ್ಷೇತ್ರದಲ್ಲಿ ಜನತಾ ಪಕ್ಷದಿಂದ ನಿಂತವರು ಕೆ.ಎಸ್. ಹೆಗ್ಡೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದವರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವ ಹಾಗಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪು 1973ರಲ್ಲಿ ಬಂದ ಬೆನ್ನಲ್ಲೇ ಅವರನ್ನೂ ಇನ್ನಿಬ್ಬರನ್ನೂ ದಾಟಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಅವರು ರಾಜೀನಾಮೆ ಬಿಸಾಕಿ ಬಂದರು. ಎದುರಿಗೆ ಕಾಂಗ್ರೆಸ್ಸಿನಿಂದ ಕೆಂಗಲ್ ಹನುಮಂತಯ್ಯ, ವಿಧಾನಸೌಧ ಕಟ್ಟಿಸಿದವರು. ನಮ್ಮಪ್ಪ ಅವರನ್ನು ಬಹಳ ಗೌರವಿಸುತ್ತಿದ್ದರು. ಆ ಸಲ ಬೂತಿನಿಂದ ಬಂದವರು ಸುಮ್ನೆ ಕೂತು ಕಾಫಿ ಕುಡಿದರು, ಯಾರಿಗೆ ಹಾಕಿದೆ ಎಂದು ಹೇಳಲಿಲ್ಲ. ನಾನು ಜನತಾ ಗುರುತಿಗೆ, ಚಕ್ರದೊಳಗಿನ ನೇಗಿಲು ಹೊತ್ತ ರೈತನಿಗೆ, ಮುದ್ರೆ ಒತ್ತಿದ್ದೆ. ಒತ್ತುವಾಗ ನೆನಪಾದದ್ದು ಮೇಷ್ಟ್ರೇ.

ಮಾರ್ಚ್ 20ರ ಸಂಜೆಯಿಂದ ಎಣಿಕೆ ಸುದ್ದಿ ಬರತೊಡಗಿತು. ಬೆಂಗಳೂರಿಗೆ ಆಗ ಟಿವಿ ಬಂದಿರಲಿಲ್ಲ. ರೇಡಿಯೋ ನಂಬುವ ಹಾಗಿರಲಿಲ್ಲ. ಹಾಗಾಗಿ ನಾವು ಹುಡುಗರೆಲ್ಲ ಪತ್ರಿಕೆ ಕಚೇರಿ ಮುಂದೆ ಹೋಗಿ ನಿಂತೆವು. ಒಳಗಿನಿಂದ ಒಬ್ಬರು ಬಂದು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ರಾಯ್‌ಬರೇಲಿಯಲ್ಲಿ ಇಂದಿರಾ ಹಿಂದೆ ಬಿದ್ದಿದ್ದಾರೆ ಅಂತ ಯಾರೋ ಅಂದರು. ಯಾರೂ ನಂಬಲಿಲ್ಲ. ಮಧ್ಯರಾತ್ರಿ ಕಳೆದು ಎಷ್ಟೋ ಹೊತ್ತಾದ ಮೇಲೆ ಖಚಿತವಾಯಿತು. ಎದುರಿಗೆ ನಿಂತಿದ್ದ ಜನತಾದ ರಾಜ್ ನಾರಾಯಣ್ 55 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದರು. ಅಮೇಥಿಯಲ್ಲಿ ಸಂಜಯ್ ಗಾಂಧಿಯೂ ಸೋತಿದ್ದರು. ನನ್ನ ಪಕ್ಕ ನಿಂತಿದ್ದ ಗುರುತಿಲ್ಲದ ಮನುಷ್ಯ ನನ್ನನ್ನು ತಬ್ಬಿಕೊಂಡು ಅಳತೊಡಗಿದ. ನಾನೂ ಅತ್ತೆ. ಪ್ರಧಾನಿಯನ್ನು ಒಂದು ಕಾಗದದ ಚೂರಿನಿಂದ ಇಳಿಸಬಹುದು ಅನ್ನುವುದು ಅದುವರೆಗೆ ಪುಸ್ತಕದಲ್ಲಿ ಓದಿದ ಮಾತಾಗಿತ್ತು. ಮರುದಿನ ತುರ್ತು ಪರಿಸ್ಥಿತಿ ಹಿಂದಕ್ಕೆ ಹೋಯಿತು.

ಆಮೇಲೆ ನಮ್ಮ ರಾಜ್ಯದ ಲೆಕ್ಕ ಪೂರ್ತಿ ಬಂತು. ಉತ್ತರ ಪ್ರದೇಶದ 85ಕ್ಕೆ 85, ಬಿಹಾರದ 54ಕ್ಕೆ 54 ಕ್ಷೇತ್ರ ಜನತಾ ಗೆದ್ದಿತ್ತು. ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ! ಜನತಾಕ್ಕೆ ಸಿಕ್ಕಿದ್ದು ಹಾಸನ ಮತ್ತು ನಮ್ಮ ಬೆಂಗಳೂರು ದಕ್ಷಿಣ. ಹೆಗ್ಡೆಯವರು ಗೆದ್ದಿದ್ದರು, ಆ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಕೂಡ ಆದರು. ಆದರೆ ಗೆಳೆಯರ ನಡುವೆ ಒಂದೇ ಮಾತು: ನಮ್ಮ ಜನಕ್ಕೆ ಬುದ್ಧಿ ಇಲ್ಲ, ಗುಲಾಮಗಿರಿ ಬಿಟ್ಟಿಲ್ಲ. ನನಗೆ ಆ ಮಾತು ಸಹಿಸಲಾಗಲಿಲ್ಲ. ಯಾಕೆಂದರೆ ಆ ಜನರಲ್ಲಿ ನನ್ನ ಸೋದರಮಾವ ಇದ್ದರು.

ಮಾವ ಉಡುಪಿ ಹತ್ತಿರದ ಹಳ್ಳಿಯವರು. ಗೇಣಿ ಒಕ್ಕಲು. ಅವರ ಅಪ್ಪ, ಅಜ್ಜ ಎಲ್ಲರೂ ಅದೇ ಗದ್ದೆ ಉತ್ತವರು. ಬೆಳೆ ಬರಲಿ ಬಿಡಲಿ, ಧಣಿಗಳ ಮನೆಗೆ ಅಕ್ಕಿ ಮುಡಿ ಹೋಗಲೇಬೇಕು. ಕೊಟ್ಟು ಉಳಿದದ್ದರಲ್ಲಿ ಮಳೆಗಾಲ ಕಳೆಯುವುದು ಹೇಗೆ ಎಂದು ಅತ್ತೆ ಲೆಕ್ಕ ಹಾಕುತ್ತಿದ್ದುದನ್ನು ಚಿಕ್ಕಂದಿನ ರಜೆಗಳಲ್ಲಿ ನಾನೇ ಕಂಡಿದ್ದೇನೆ. ಧಣಿಗಳು ಏಳು ಅಂದರೆ ಗದ್ದೆ ಬಿಟ್ಟು ಏಳಬೇಕು. ದೇವರಾಜ ಅರಸು ಅವರ ಕಾಂಗ್ರೆಸ್ ಸರ್ಕಾರ ಭೂಸುಧಾರಣೆ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್‌ನಲ್ಲಿ ಜಾರಿಯಾಯಿತು. ಗೇಣಿಯೇ ರದ್ದು, ಉಳುವವನೇ ಹೊಲದೊಡೆಯ. ಮಾವ ಹೆದರುತ್ತ ಹೆದರುತ್ತಲೇ ಡಿಕ್ಲರೇಷನ್ ಕೊಟ್ಟರು. ಧಣಿಗಳ ಎದುರು ಅರ್ಜಿ ಹಾಕುವುದು ಅಂದರೆ ಸಣ್ಣ ಮಾತಲ್ಲ. ಈ ಅರ್ಜಿಗಳನ್ನು ಕೇಳುವ ಭೂ ನ್ಯಾಯಮಂಡಳಿಯಲ್ಲಿ ವಕೀಲರನ್ನು ಇಡುವ ಹಾಗಿರಲಿಲ್ಲ, ಒಕ್ಕಲೇ ನಿಂತು ಮಾತಾಡಬೇಕು. ಅದೇ ಅವರಿಗೆ ಧೈರ್ಯ ಕೊಟ್ಟಿತ್ತು.

ಆ ಬೇಸಿಗೆಯಲ್ಲಿ ಊರಿಗೆ ಹೋದೆ. ಜಗಲಿ ಮೇಲೆ ಕೂತು, ಕಾಂಗ್ರೆಸ್ಸಿನ ಗುರುತಾದ ದನ-ಕರುವಿಗೆ ಯಾಕೆ ಹಾಕಿದಿರಿ ಎಂದು ನೇರವಾಗಿ ಕೇಳಿದೆ. ‘ಗದ್ದೆ ಕೊಟ್ಟವರಿಗೆ ಹಾಕದೆ ಮತ್ಯಾರಿಗೆ ಹಾಕಲಿ ಮಾರಾಯ?’ ಅಂದರು. ಉತ್ತರ ಭಾರತದ ಹಳ್ಳಿಗಳಲ್ಲಿ ಗಂಡಸರನ್ನು ಹಿಡಿದುಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿದ್ದು, ದಿಲ್ಲಿಯ ತುರ್ಕ್‌ಮನ್ ಗೇಟಿನಲ್ಲಿ ಮನೆ ಕೆಡವಿ ಗುಂಡು ಹಾರಿಸಿದ್ದು, ಎಲ್ಲ ಹೇಳಿದೆ. ಅವರಿಗೆ ಅದೊಂದೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಸೆನ್ಸಾರ್ ಇದ್ದದ್ದೇ ಅದಕ್ಕಲ್ವಾ? ನನಗೂ ಎಷ್ಟೋ ವಿಷಯ ಗೊತ್ತಾದದ್ದು ಚುನಾವಣೆ ಮುಗಿದ ಮೇಲೆಯೇ. ಮಾವ ತುಂಬ ಹೊತ್ತು ಕೇಳಿಸಿಕೊಂಡರು. ಆಮೇಲೆ, ‘ನಿನ್ನ ಮೇಷ್ಟ್ರನ್ನು ಬಿಟ್ಟರಾ?’ ಎಂದು ಕೇಳಿದರು. ಬಿಟ್ಟಿದ್ದಾರೆ, ಸಣ್ಣಗಾಗಿದ್ದಾರೆ ಎಂದೆ. ‘ಹಾಗಾದರೆ ನೀನು ಹಾಕಿದ್ದೂ ಸರಿ’ ಅಂದರು. ತಾವು ಹಾಕಿದ್ದು ತಪ್ಪು ಎಂದು ಹೇಳಲಿಲ್ಲ. ನಾನೂ ಹಾಗೆ ಹೇಳಿಸಲು ಹೋಗಲಿಲ್ಲ. ದಕ್ಷಿಣದವರು ಗುಲಾಮರು ಎಂದು ಇವತ್ತಿಗೂ ಯಾರಾದರೂ ಆ ಚುನಾವಣೆ ಬಗ್ಗೆ ಅಂದರೆ ನನಗೆ ಸಿಟ್ಟು ಬರುತ್ತದೆ. ತಲೆಮಾರುಗಳಿಂದ ಬಗ್ಗಿ ನಿಂತಿದ್ದ ಮನುಷ್ಯ ನೆಟ್ಟಗೆ ನಿಂತು ಹಾಕಿದ ಓಟು ಅದು.

ಮಾವನಿಗೆ ಇದ್ದ ಭಯ ಬೇರೆ. ದಿಲ್ಲಿಯಲ್ಲಿ ಸರ್ಕಾರ ಬದಲಾಯಿತಲ್ಲ, ಹೊಸಬರು ಈ ಕಾನೂನು ತೆಗೆದುಬಿಟ್ಟರೆ? ಭೂಮಿಯ ಕಾನೂನು ರಾಜ್ಯದ್ದು, ಮೊರಾರ್ಜಿ ದೇಸಾಯಿ ಕೈ ಹಾಕಲು ಬರುವುದಿಲ್ಲ ಎಂದು ವಿವರಿಸಿದೆ. ಅರ್ಧ ನಂಬಿದರು. ಮರುದಿನ ಅವರ ಕಾಗದಗಳನ್ನೆಲ್ಲ ಹರಡಿಕೊಂಡು ಕೂತು, ನ್ಯಾಯಮಂಡಳಿಯ ಮುಂದೆ ಹೇಳಬೇಕಾದದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಯಾವ ವರ್ಷದಿಂದ ಉಳುತ್ತಿದ್ದೇವೆ, ಎಷ್ಟು ಮುಡಿ ಕೊಟ್ಟಿದ್ದೇವೆ, ಸಾಕ್ಷಿ ಯಾರು. ಆ ಹಾಳೆ ಹಿಡಿದುಕೊಂಡೇ ಅವರು ಮುಂದಿನ ವಿಚಾರಣೆಗೆ ಹೋದರು. ಗದ್ದೆ ಅವರ ಹೆಸರಿಗೆ ಆಯಿತು.