‘ಆ ಸಿನಿಮಾದಲ್ಲಿ ಇರುವುದೆಲ್ಲಾ ನಿಜವಾ?’

ನನ್ನೂರು ಕಾಸರಗೋಡು ಅಂದ ಕೂಡಲೇ ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಎದುರಿಗಿದ್ದವರ ಮುಖ ಅರಳುತ್ತದೆ. ‘ಓ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ!’ ಅನ್ನುತ್ತಾರೆ. ಹಿಂದೆಯೇ ಪ್ರಶ್ನೆ: ‘ಅದರಲ್ಲಿ ಇರುವುದೆಲ್ಲಾ ನಿಜವಾ?’ 2018ರ ಆಗಸ್ಟಿನಲ್ಲಿ ಸಿನಿಮಾ ಬಂದಾಗಿನಿಂದ ಕೇಳಿಸಿಕೊಳ್ಳುತ್ತಿದ್ದೇನೆ. ನಿಂತಲ್ಲೇ ಹೇಳಿ ಮುಗಿಸುವ ಉತ್ತರ ನನ್ನದಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೋಡದವರಿಗೆ ಎರಡು ಮಾತು. ರಿಷಬ್ ಶೆಟ್ಟಿ ನಿರ್ದೇಶನದ ಚಿತ್ರ ಅದು. ಕಾಸರಗೋಡಿನ ಒಂದು ಕನ್ನಡ ಶಾಲೆ. ಅಲ್ಲಿಗೆ ಗಣಿತ ಕಲಿಸಲು ಮಲಯಾಳಂ ಮೇಷ್ಟ್ರು ಬರುತ್ತಾರೆ. ಶಾಲೆಯನ್ನೇ ಮುಚ್ಚುವ ಪ್ರಯತ್ನ ನಡೆಯುತ್ತದೆ. ಮಕ್ಕಳು ಮೈಸೂರಿಗೆ ಹೋಗಿ ಹಿರಿಯರೊಬ್ಬರನ್ನು, ಅಂದರೆ ಅನಂತನಾಗ್ ಅವರನ್ನು, ಕರೆತರುತ್ತಾರೆ. ಜಗಳ ಕೋರ್ಟಿಗೆ ಹೋಗುತ್ತದೆ. ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ನಾವು ಮೈಸೂರಿಗೂ ಹೋಗಲಿಲ್ಲ, ಕೋರ್ಟಿನ ಮೆಟ್ಟಿಲೂ ಹತ್ತಲಿಲ್ಲ. ಆದರೆ ಆ ಗಣಿತದ ಕ್ಲಾಸು ಉಂಟಲ್ಲಾ, ಅದು ನನ್ನದೇ ಕ್ಲಾಸು.

ಆಗ ನಾನು ಆರನೇ ತರಗತಿ. ಕುಂಬಳೆ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆ. ಮಳೆಗಾಲ ಶುರುವಾದ ಮೇಲೆ ಗಣಿತಕ್ಕೆ ಹೊಸ ಮಾಷ್ಟ್ರು ಬಂದರು, ತುಂಬಾ ದೂರದ ಜಿಲ್ಲೆಯವರು. ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಅವರನ್ನು ಅಲ್ಲಿಗೆ ಕಳಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಮಾಷ್ಟ್ರ ಮೇಲೆ ಇಲ್ಲ. ಪಾಪ, ಬೋರ್ಡಿನ ಮೇಲೆ ಅಂಕೆಗಳನ್ನು ದೊಡ್ಡದಾಗಿ ಬರೆದು, ನಮ್ಮ ಮುಖ ನೋಡಿ, ಅಳಿಸಿ, ಅದನ್ನೇ ಮತ್ತೆ ಬರೆಯುತ್ತಿದ್ದರು.

ಸಂಕಲನ, ವ್ಯವಕಲನ ಎರಡೂ ಭಾಷೆಗೆ ಒಂದೇ, ಹಾಗಾಗಿ ಕೂಡಿಸಿ ಕಳೆಯುವುದಕ್ಕೆ ತೊಂದರೆ ಇರಲಿಲ್ಲ. ‘ಗುಣನಂ’ ಅಂದಾಗಲೂ ಗುಣಾಕಾರ ಇರಬೇಕು ಅಂತ ಊಹಿಸಿದೆವು. ಒಂದು ದಿನ ಅವರು ‘ಹರಣಂ’ ಅಂದರು. ಇಡೀ ಕ್ಲಾಸು ಸ್ತಬ್ಧ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನ ಮಕ್ಕಳು ನಾವು. ಹರಣ ಅಂದರೆ ಸೀತಾಪಹರಣ, ಬೇರೆ ಅರ್ಥವೇ ಗೊತ್ತಿಲ್ಲ. ಲೆಕ್ಕದಲ್ಲಿ ಯಾರನ್ನು ಯಾರು ಹೊತ್ತುಕೊಂಡು ಹೋದರು?

ನನ್ನ ಬೆಂಚಿನಲ್ಲಿ ಕೂರುತ್ತಿದ್ದವನ ಮನೆಮಾತು ಮಲಯಾಳಂ. ಬ್ಯಾರಿ, ತುಳು ಎಲ್ಲಾ ಬರುತ್ತಿತ್ತು. ಅವನು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ನನ್ನ ಕಿವಿಯ ಹತ್ತಿರ ಬಂದು, ‘ಭಾಗಾಕಾರ ಮಾರಾಯ’ ಅಂದ. ಅವನ ಕೈಯಲ್ಲಿ ಸೀಮೆಸುಣ್ಣದ ವಾಸನೆ ಇತ್ತು. ನಾನು ಹಿಂದಿನ ಬೆಂಚಿಗೆ ಹೇಳಿದೆ, ಅವರು ಅವರ ಹಿಂದಿನವರಿಗೆ. ಕೊನೆಯ ಬೆಂಚಿಗೆ ಮುಟ್ಟುವಷ್ಟರಲ್ಲಿ ಮಾಷ್ಟ್ರಿಗೆ ವಿಷಯ ಗೊತ್ತಾಯಿತು. ಬೈಯಲಿಲ್ಲ. ಅವನನ್ನು ಎಬ್ಬಿಸಿ ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಅವತ್ತಿನಿಂದ ಆ ವರ್ಷವಿಡೀ ಗಣಿತದ ಪೀರಿಯಡ್ಡಿನಲ್ಲಿ ಅವನು ಕೂರಲೇ ಇಲ್ಲ. ಅವರು ಒಂದು ಸಾಲು ಹೇಳುವುದು, ಇವನು ಕನ್ನಡದಲ್ಲಿ ಒಂದು ಸಾಲು ಹೇಳುವುದು. ಹನ್ನೊಂದು ವರ್ಷದ ಹುಡುಗ. ನಮ್ಮ ತರಗತಿ ಗಣಿತ ಕಲಿತದ್ದು ಅವನಿಂದ.

ಸಿನಿಮಾದಲ್ಲಿ ಪ್ರವೀಣ ಅನ್ನುವ ಹುಡುಗನ ಗುಂಪಿನಲ್ಲಿ ಮಮ್ಮುಟ್ಟಿ ಅಂತ ಒಬ್ಬ ಹುಡುಗ ಇದ್ದಾನಲ್ಲಾ, ಜನ ನಗುವುದು ಅವನ ಹೆಸರಿಗೆ. ನನಗೆ ಅವನನ್ನು ನೋಡಿದಾಗಲೆಲ್ಲಾ ಗಂಟಲು ಕಟ್ಟುತ್ತದೆ. ಕನ್ನಡ ಶಾಲೆ ಉಳಿಯಬೇಕು ಅಂತ ಓಡಾಡುವ ಮಕ್ಕಳ ನಡುವೆ ಅವನೂ ಇದ್ದಾನೆ, ಅದು ಈ ಸಿನಿಮಾ ಹೇಳಿದ ದೊಡ್ಡ ನಿಜ. ಹೊರಗಿನವರು ಇಲ್ಲಿಯದನ್ನು ಕನ್ನಡಿಗರು ಒಂದು ಕಡೆ, ಮಲಯಾಳಿಗಳು ಇನ್ನೊಂದು ಕಡೆ ನಿಂತ ಜಗಳ ಅಂದುಕೊಳ್ಳುತ್ತಾರೆ. ನೋವು ಇದೆ, ಇಲ್ಲ ಅನ್ನುವುದಿಲ್ಲ. ದಕ್ಷಿಣ ಕನ್ನಡದ ಜೊತೆ ಇದ್ದ ನೆಲ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ, ಆ ಆಸೆ ಈಡೇರದೆ 2015ರಲ್ಲಿ ಹೋಗಿಬಿಟ್ಟರು. ಇದೆಲ್ಲ ದೊಡ್ಡವರ ಮನೆಯ ಮಾತು. ಬೆಂಚಿನ ಮೇಲೆ ಅಂಥ ಗಡಿ ಇರಲಿಲ್ಲ. ಅವನ ಉಮ್ಮ ಕಟ್ಟಿಕೊಡುತ್ತಿದ್ದ ಪತ್ತಿರಿ ನನ್ನ ಪಾಲು, ನಮ್ಮನೆಯ ನೀರುದೋಸೆ ಅವನ ಪಾಲು, ಅಷ್ಟೇ.

ಸಿನಿಮಾದ ಬಗ್ಗೆ ಒಂದೇ ತಕರಾರು. ಎರಡನೇ ಅರ್ಧದಲ್ಲಿ ಹಿರಿಯರು ಬಂದ ಮೇಲೆ ಮಕ್ಕಳು ಸ್ವಲ್ಪ ಪಕ್ಕಕ್ಕೆ ಸರಿಯುತ್ತಾರೆ. ಅನಂತನಾಗ್ ಚೆನ್ನಾಗಿ ಮಾಡಿದ್ದಾರೆ, ಆದರೂ ನನಗೆ ಆ ಮಕ್ಕಳು ಸುಮ್ನೆ ಅಂಗಳದಲ್ಲಿ ಆಡುವುದನ್ನು ಇನ್ನೂ ಜಾಸ್ತಿ ನೋಡಬೇಕಿತ್ತು.

ಏಳನೇ ತರಗತಿ ಮುಗಿದ ಮೇಲೆ ಏನಾಯಿತು ಅನ್ನುವುದು ಸಿನಿಮಾದಲ್ಲಿ ಇಲ್ಲ. ನಾನು ಕನ್ನಡ ಹೈಸ್ಕೂಲಿಗೆ ಹೋದೆ, ಅವನನ್ನು ಮಲಯಾಳಂ ಮಾಧ್ಯಮಕ್ಕೆ ಹಾಕಿದರು. ನಾನು ಕಾಲೇಜಿಗೆ ಮಂಗಳೂರಿನ ಬಸ್ಸು ಹತ್ತಿದೆ, ಅವನು ದುಬೈ ವಿಮಾನ ಹತ್ತಿದ. ಯಾರೂ ಜಗಳ ಆಡಲಿಲ್ಲ.

ಸಿನಿಮಾ ಬಂದಾಗ ಅವನು ರಜೆಯಲ್ಲಿ ಊರಿಗೆ ಬಂದಿದ್ದ. ಮಂಗಳೂರಿಗೆ ಹೋಗಿ ನೋಡಿದೆವು. ಒಂಬತ್ತು ವರ್ಷದ ಮಗಳನ್ನೂ ಕರೆತಂದಿದ್ದ, ಅವಳಿಗೆ ಕನ್ನಡ ಬರುವುದಿಲ್ಲ. ನಮ್ಮಿಬ್ಬರ ನಡುವೆ ಕೂರಿಸಿಕೊಂಡೆವು. ಅವನು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಅವಳ ಕಿವಿಯಲ್ಲಿ ಒಂದೊಂದೇ ಸಾಲು ಮಲಯಾಳಂನಲ್ಲಿ ಹೇಳತೊಡಗಿದ. ನಾನು ಪರದೆ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ. ಮಲಯಾಳಂ ಮೇಷ್ಟ್ರು ಪಾಠ ಶುರು ಮಾಡಿದರು. ಹುಡುಗಿ ಅಪ್ಪನ ಕೈಯನ್ನು ಮೆಲ್ಲಗೆ ಸರಿಸಿದಳು. ಅವಳಿಗೆ ಅದು ಅರ್ಥವಾಗುತ್ತಿತ್ತು. ಅವನು ತಲೆಯೆತ್ತಿ, ಅವಳ ತಲೆಯ ಮೇಲಿಂದ ನನ್ನ ಕಡೆ ಬಾಗಿ, ‘ಭಾಗಾಕಾರ ಮಾರಾಯ’ ಅಂದ.