ಹಳೆ ಮಾರುತಿಗೆ ಟೂಲ್ಸ್ ಕೂಡಿಸುವ ಕೆಲಸ: ಇಲ್ಲಿಯವರೆಗಿನ ಲೆಕ್ಕ

ನಮ್ಮ ಮನೆಯ 1997ರ ಮಾರುತಿ 800 ಕಾರಿನ ಆಯಿಲ್, ಬ್ರೇಕು, ಕಾರ್ಬ್ಯುರೇಟರ್, ವಾಲ್ವ್ ಸೆಟ್ಟಿಂಗ್ ಎಲ್ಲ ಶೆಡ್ಡಿನಲ್ಲಿ ನಾನೇ ಮಾಡಿಕೊಳ್ಳಬೇಕು ಅನ್ನೋದು ಈ ವರ್ಷದ ಹುಚ್ಚು. ಕಾರಿನ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಇದು ಟೂಲ್ಸ್ ಲೆಕ್ಕ ಮಾತ್ರ. ಏನು ಕೊಂಡೆ, ಯಾಕೆ ಕೊಂಡೆ, ಯಾವುದನ್ನು ನೋಡಿ ಅಲ್ಲೇ ಬಿಟ್ಟು ಬಂದೆ ಅಂತ. ಊರು ಶಿವಮೊಗ್ಗ, ಹಾಗಾಗಿ ಮಳೆ ಮತ್ತು ತುಕ್ಕು ಕೂಡ ಲೆಕ್ಕಕ್ಕೆ ಬರುತ್ತವೆ.

ಶುರುವಿನಲ್ಲೇ ಒಂದು ನಿಯಮ ಹಾಕಿಕೊಂಡೆ. ಮುಂದಿರುವ ಕೆಲಸಕ್ಕೆ ಬೇಕಾದ್ದನ್ನಷ್ಟೇ ಕೊಳ್ಳುವುದು. ನಟ್ಟಿಗೆ, ಸ್ಕ್ರೂಗೆ ನೇರವಾಗಿ ತಾಗುವ ಟೂಲಿಗೆ ಕೈಬಿಚ್ಚಿ ಖರ್ಚು ಮಾಡುವುದು, ಮಿಕ್ಕಿದ್ದಕ್ಕೆ ಕೈ ಬಿಗಿ ಹಿಡಿಯುವುದು.

ಮೇ: 108 ಪೀಸ್ ಸೆಟ್ ಯಾಕೆ ಬೇಡ

ಭಾವನ ಮನೆಯಲ್ಲಿ ಪ್ಲಾಸ್ಟಿಕ್ ಸೂಟ್‌ಕೇಸಿನ 108 ಪೀಸ್ ಸೆಟ್ ಇದೆ. ನೋಡೋಕೆ ಏನೋ ಚೆಂದ. ಅಂಗಡಿಯಲ್ಲಿ ಅಂಥದ್ದಕ್ಕೆ ಸುಮಾರು ಐದು ಸಾವಿರ ಹೇಳುತ್ತಾರೆ. ಬಿಚ್ಚಿ ಎಣಿಸಿದರೆ ಬಿಟ್‌ಗಳು, ಆಲನ್ ಕೀಗಳು, ಬಿಟ್ ಹಿಡಿಯುವ ಅಡಾಪ್ಟರ್‌ಗಳು ಇವೇ ಸಂಖ್ಯೆಯನ್ನು ಹಿಗ್ಗಿಸಿವೆ. ಪಕ್ಕಾ ಬೇಕಾದ ರಿಂಗ್ ಸ್ಪ್ಯಾನರ್ (ಬಳೆಯಂತೆ ನಟ್ಟನ್ನು ಸುತ್ತಲೂ ಹಿಡಿಯುವುದು) ಒಂದೂ ಇಲ್ಲ. 20 ಎಂಎಂ ಮೇಲಿನ ದೊಡ್ಡ ಸಾಕೆಟ್‌ಗಳು (ನಟ್ಟಿನ ಮೇಲೆ ಟೋಪಿಯಂತೆ ಕೂರುವವು) ಸಾಲಾಗಿ ಕೂತಿವೆ, ನನ್ನ ಕಾರಿನಲ್ಲಿ ಅವಕ್ಕೆ ಕೆಲಸವೇ ಅಪರೂಪ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನಮ್ಮ ಕಾರು ನೋಡುತ್ತಿದ್ದ ಮೆಕ್ಯಾನಿಕ್ಕನ್ನು ನಾವು ಭಾಯ್ ಅಂತಲೇ ಕರೆಯೋದು. ಪಟ್ಟಿ ಮಾಡೋಕೆ ಅವರ ಹತ್ತಿರ ಹೋದೆ. ಅವರು ಪೇಪರ್ ನೋಡಲೇ ಇಲ್ಲ. "ಸಾರ್, ಹತ್ತು, ಹನ್ನೆರಡು, ಹದಿನಾಲ್ಕು ಒಳ್ಳೇದು ತಗೊಳ್ಳಿ. ಅರ್ಧ ಗಾಡಿ ಬಿಚ್ಚಬಹುದು. ಆಮೇಲೆ ಹದಿನೇಳು, ಹತ್ತೊಂಬತ್ತು. ಸಾಕು."

ಅದಕ್ಕೆ ಕಾರಣ ಇದೆ. ಮಾರುತಿ 800 ಸುಜುಕಿ ವಿನ್ಯಾಸದ ಗಾಡಿ. ಜಪಾನಿನ ಪದ್ಧತಿಯಲ್ಲಿ 6 ಎಂಎಂ ದಪ್ಪದ ಬೋಲ್ಟಿನ ತಲೆಯ ಅಗಲ 10 ಎಂಎಂ (ಸ್ಪ್ಯಾನರ್ ಅಳತೆಯೂ ಅದೇ), 8 ಎಂಎಂ ಬೋಲ್ಟಿನ ತಲೆ 12, 10 ಎಂಎಂ ಬೋಲ್ಟಿನ ತಲೆ 14 ಇರುತ್ತದೆ. ಯುರೋಪಿನ ಅಳತೆಯಲ್ಲಿ ಅದೇ 8 ಎಂಎಂ ಬೋಲ್ಟಿಗೆ 13, 10 ಎಂಎಂ ಬೋಲ್ಟಿಗೆ 16 ಅಥವಾ 17. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೋಲ್ಟುಗಳೂ ಈ ಎರಡನೇ ಜಾತಿಯವೇ. ಹಾಗಾಗಿ ಹಳೆ ಮಾರುತಿಯಲ್ಲಿ ಎಲ್ಲಾದರೂ 13ರ ತಲೆ ಕಂಡರೆ, ಯಾರೋ ಒರಿಜಿನಲ್ ಕಳೆದು ಅಂಗಡಿಯದ್ದು ಹಾಕಿದ್ದಾರೆ ಅಂತ ಅರ್ಥ. ನನ್ನ ಕಾರಿನ ಬ್ಯಾಟರಿ ಕ್ಲಾಂಪ್ ಹಾಗೇ ಇದೆ. ಅದೊಂದಕ್ಕಾಗಿ 13 ಕೂಡ ಪಟ್ಟಿಗೆ ಸೇರಿತು.

ಹಳೆ ಬುಲೆಟ್ ಇಟ್ಟುಕೊಂಡವರಿಗೆ ಈ ಪಟ್ಟಿ ನಡೆಯುವುದಿಲ್ಲ. ಅದರಲ್ಲಿ ಬ್ರಿಟಿಷ್ ಕಾಲದ ವಿಟ್‌ವರ್ತ್ ಅಳತೆಗಳೂ ಬೆರೆತಿರುತ್ತವೆ. ಆ ಸ್ಪ್ಯಾನರ್ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ತಲೆಯ ಅಗಲ ಅಲ್ಲ. ಅದೇ ಬೇರೆ ಲೋಕ.

ಜೂನ್: ಸ್ಪ್ಯಾನರ್, ಸಾಕೆಟ್

ಮೊದಲು ಕೊಂಡದ್ದು ಟಪಾರಿಯಾ ಕಾಂಬಿನೇಶನ್ ಸ್ಪ್ಯಾನರ್‌ಗಳು, ಒಂದು ಕಡೆ ಫಿಕ್ಸ್ ಅಂದರೆ ತೆರೆದ ಬಾಯಿ, ಇನ್ನೊಂದು ಕಡೆ ರಿಂಗ್. ಸೆಟ್ ಬದಲು ಬಿಡಿ ತಗೊಂಡೆ. 10 ಮತ್ತು 12 ಎರಡೆರಡು, ಉಳಿದವು ಒಂದೊಂದು. ನಟ್ಟು ಒಂದು ಕಡೆ ಹಿಡಿದು ಬೋಲ್ಟು ಇನ್ನೊಂದು ಕಡೆ ತಿರುಗಿಸುವಾಗ ಒಂದೇ ಅಳತೆಯ ಎರಡು ಸ್ಪ್ಯಾನರ್ ಬೇಕೇ ಬೇಕು. ಯಾವ ಸೆಟ್ಟಿನಲ್ಲೂ ಎರಡು ಕೊಡುವುದಿಲ್ಲ. ನಾಸಿಕ್‌ನ ಈ ಕಂಪನಿಯ ಮಾಲು ಊರೂರಲ್ಲಿ ಸಿಗುತ್ತದೆ. ಒಂದು ಕಳೆದರೆ ಅದೊಂದನ್ನೇ ತರಬಹುದು. ಹವ್ಯಾಸಕ್ಕೆ ಕೆಲಸ ಮಾಡುವವನಿಗೆ ಇದು ದೊಡ್ಡ ಅನುಕೂಲ. ಅಮೆರಿಕದಲ್ಲಿ ಸ್ನ್ಯಾಪ್-ಆನ್ ಕಂಪನಿಯ ವ್ಯಾನು ಗ್ಯಾರೇಜಿನ ಬಾಗಿಲಿಗೇ ಬರುತ್ತದೆ, ಮೆಕ್ಯಾನಿಕ್‌ಗಳು ಕಂತಿನಲ್ಲಿ ಕೊಳ್ಳುತ್ತಾರೆ. ದಿನವಿಡೀ ಅದರಲ್ಲೇ ಅನ್ನ ದುಡಿಯುವವರಿಗೆ ಆ ಬೆಲೆ ಗಿಟ್ಟಬಹುದು. ಭಾನುವಾರದ ಮೆಕ್ಯಾನಿಕ್ ಆದ ನನಗೆ ಗಿಟ್ಟುವುದಿಲ್ಲ.

ಹೆಸರಾಂತ ಬ್ರಾಂಡ್‌ಗಳಿಗೆ ನಕಲಿಯೂ ಇವೆ ಅಲ್ವಾ, ಹಾಗಾಗಿ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಜೇಬಲ್ಲಿಟ್ಟುಕೊಂಡೇ ಅಂಗಡಿಗೆ ಹೋದೆ. ಅಂಗಡಿಯವರು ನಕ್ಕರು, ನಗಲಿ. 10ರ ಸ್ಪ್ಯಾನರ್ ಬಾಯಿ ಸರಿಯಾಗಿ 10 ಇರಬಾರದು, ಕೂದಲೆಳೆ ಜಾಸ್ತಿ ಇರಬೇಕು, ಇಲ್ಲದಿದ್ದರೆ ನಟ್ಟಿಗೆ ಕೂರುವುದಿಲ್ಲ. ಆದರೆ 10.3 ದಾಟಿದರೆ ನಾನು ವಾಪಸ್ ಇಡುತ್ತೇನೆ. ವರ್ನಿಯರ್ ಇಲ್ಲದಿದ್ದರೆ ಒಂದು ಹೊಸ ಬೋಲ್ಟು ಹಿಡಿದುಕೊಂಡು ಹೋದರೂ ಆಯ್ತು. ಬಾಯಿಗೆ ಕೂರಿಸಿ ಅಲ್ಲಾಡಿಸಿ ನೋಡಿ. ಗಡಗಡ ಅಂದರೆ ಬೇಡ. ಎರಡೂ ದವಡೆಗಳ ಒಳಮೈ ಒಂದಕ್ಕೊಂದು ಸಮಾನಾಂತರ ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಬೇಕು. ಅಕ್ಷರಗಳು ಉಬ್ಬಿ ಸ್ಪಷ್ಟವಾಗಿ ಮೂಡಿರಬೇಕು. ನಕಲಿಯಲ್ಲಿ ಹೆಚ್ಚಾಗಿ ಮಸುಕಾಗಿರುತ್ತವೆ.

ಸಾಕೆಟ್ ವಿಷಯಕ್ಕೆ ಬಂದರೆ, ನಮ್ಮಲ್ಲಿ ಎಲ್ಲ ಅಂಗಡಿಯವರೂ ಮೊದಲು ತೋರಿಸುವುದು ಅರ್ಧ ಇಂಚಿನ ಡ್ರೈವ್ ಸೆಟ್, ಅಂದರೆ ಸಾಕೆಟ್ ಸಿಕ್ಕಿಸುವ ಹಿಡಿಯ ಚೌಕ ತುದಿ ಅರ್ಧ ಇಂಚು. ನಾನು ಕೊಂಡದ್ದು 3/8 ಇಂಚಿನದು. ಅರ್ಧ ಇಂಚಿನ ರಾಚೆಟ್ ಹಿಡಿ (ಸಾಕೆಟ್ ಎತ್ತದೆ ಹಿಂದೆ ಮುಂದೆ ಬೀಸಿ ತಿರುಗಿಸುವುದು) ಸುಮಾರು 250 ಎಂಎಂ ಉದ್ದ ಇರುತ್ತದೆ. ಹತ್ತು ಕೆಜಿಯಷ್ಟು ಎಳೆದರೂ ಬೋಲ್ಟಿನ ಮೇಲೆ ಸುಮಾರು 25 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ. ಸಾಧಾರಣ 6 ಎಂಎಂ ಬೋಲ್ಟು ತಡೆಯುವುದು 10ರ ಆಸುಪಾಸು. ಅಂದರೆ ಜೋರಾಗಿ ಎಳೆದೆ ಅಂತ ನಮಗೆ ಗೊತ್ತಾಗುವ ಮೊದಲೇ ಬೋಲ್ಟಿನ ಕುತ್ತಿಗೆ ಮುರಿದಿರುತ್ತದೆ, ಇಲ್ಲವೇ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತು ಬಂದಿರುತ್ತದೆ. 10, 12, 14ರ ಕೆಲಸಕ್ಕೆ 3/8 ಹದವಾಗಿದೆ. ಅರ್ಧ ಇಂಚಿನಲ್ಲಿ ನನ್ನ ಹತ್ತಿರ ಇರುವುದು ಒಂದು ಉದ್ದನೆ ಹಿಡಿ ಮತ್ತು ಎರಡು ಸಾಕೆಟ್ ಮಾತ್ರ. ಅವು ಚಕ್ರಕ್ಕೆ ಮತ್ತು ಬಿಗಿದು ಕೂತ ದೊಡ್ಡ ನಟ್ಟುಗಳಿಗೆ.

ರಾಚೆಟ್ ಕೊಳ್ಳುವಾಗ ಹಲ್ಲಿನ ಲೆಕ್ಕ ಕೇಳಿ. 24 ಹಲ್ಲಿನದು ಒಂದು ಹಲ್ಲು ಮುಂದೆ ಹೋಗೋಕೆ 15 ಡಿಗ್ರಿ ಬೀಸಬೇಕು. 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಎಂಜಿನ್ ಮತ್ತು ಬಾಡಿ ನಡುವಿನ ಸಂದಿಯಲ್ಲಿ ಕೈ ಆಡುವುದೇ ಅಷ್ಟು. ಸಾಕೆಟ್ ಆರು ಮೂಲೆಯದೇ ಆಗಿರಲಿ. ಹನ್ನೆರಡು ಮೂಲೆಯದು ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ತಿಂದು ಸವೆದ ತಲೆಯ ಮೂಲೆಗಳನ್ನೇ ಹಿಡಿದು ಉರುಟು ಮಾಡಿಬಿಡುತ್ತದೆ. ಒಮ್ಮೆ ಉರುಟಾದರೆ ಆಮೇಲೆ ವೈಸ್ ಗ್ರಿಪ್, ಉಳಿ, ಬೈಗುಳ.

ಬಡಿದು ಬಡಿದು ನಟ್ಟು ತಿರುಗಿಸುವ ಇಂಪ್ಯಾಕ್ಟ್ ಗನ್‌ಗೆ ಹೊಳೆಯುವ ಕ್ರೋಮ್ ಸಾಕೆಟ್ ಹಾಕಬೇಡಿ, ಒಡೆದು ಚೂರು ಹಾರುತ್ತದೆ. ಅದಕ್ಕೆ ಕಪ್ಪು ಬಣ್ಣದ ಬೇರೆ ಸಾಕೆಟ್ ಬರುತ್ತದೆ. ನನಗೆ ಗನ್ನೇ ಬೇಕಾಗಿಲ್ಲ, ಹಾಗಾಗಿ ಮುಂದಕ್ಕೆ.

ಬೆಂಗಳೂರಿಗೆ ಹೋದಾಗ ಶಿವಾಜಿನಗರದ ಗುಜರಿಯಲ್ಲೂ ಒಂದು ಸುತ್ತು ಹಾಕಿದೆ. ಝಲಾನಿ ಮುದ್ರೆಯ ಹಳೆ ರಿಂಗ್ ಸ್ಪ್ಯಾನರ್ 14-17 ಸಿಕ್ಕಿತು. ಕ್ರೋಮ್ ಎಲ್ಲ ಹೋಗಿದೆ, ಆದರೆ ರಿಂಗ್ ಒಳಗಿನ ಮೂಲೆಗಳು ಚೂಪಾಗೇ ಇವೆ. ಗುಜರಿಯಲ್ಲಿ ನೋಡಬೇಕಾದ್ದು ಅದನ್ನೇ. ಗ್ರೈಂಡಿಂಗ್ ಮಾಡಿ ತೆಳ್ಳಗೆ ಮಾಡಿದ್ದು, ವೆಲ್ಡಿಂಗ್ ಗುರುತು ಇದ್ದದ್ದು, ದವಡೆ ಹಿಗ್ಗಿದ್ದು ಪುಕ್ಕಟೆ ಕೊಟ್ಟರೂ ಬೇಡ. ರಾಚೆಟ್ ಮತ್ತು ಟಾರ್ಕ್ ರೆಂಚನ್ನಂತೂ (ಅಳತೆಯ ಬಲಕ್ಕೆ ಬಿಗಿಯುವ ಟೂಲ್) ಗುಜರಿಯಲ್ಲಿ ಕೊಳ್ಳಲೇಬಾರದು. ಒಳಗೆ ಏನಾಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ.

ಜುಲೈ: ಬ್ರೇಕ್ ಪೈಪು, ಸ್ಟಾರ್ ಸ್ಕ್ರೂ

ಮಳೆ ಜೋರಿದ್ದಾಗ ಶೆಡ್ಡಿನಲ್ಲಿ ಹಿಂದಿನ ಬ್ರೇಕ್ ಕೆಲಸ ಹಿಡಿದೆ. ಬ್ರೇಕ್ ಪೈಪಿನ ತುದಿಯ ನಟ್ಟು 10 ಎಂಎಂ, ಮೆತ್ತನೆ ಲೋಹ, ಮಣ್ಣು ಮೆತ್ತಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. ಪೈಪ್ ಅಡ್ಡ ಬರುವುದರಿಂದ ರಿಂಗ್ ಸ್ಪ್ಯಾನರ್ ಹೋಗುವುದಿಲ್ಲ. ಫಿಕ್ಸ್ ಸ್ಪ್ಯಾನರ್ ಹಿಡಿಯುವುದು ಎರಡೇ ಮೈ. ತಂತಿ ಬ್ರಷ್ಷಿನಲ್ಲಿ ಉಜ್ಜಿದಾಗ ಹಿಂದೆ ಯಾರೋ ಫಿಕ್ಸ್ ಹಾಕಿ ಜಾರಿಸಿದ ಗುರುತು ಎದ್ದು ಕಂಡಿತು, ಎರಡು ಮೂಲೆ ಮಡಚಿಕೊಂಡಿದ್ದವು. ಇಲ್ಲಿ ಬೇಕಾದ್ದು ಫ್ಲೇರ್ ನಟ್ ಸ್ಪ್ಯಾನರ್. ರಿಂಗಿನ ಒಂದು ಪಕ್ಕ ಕತ್ತರಿಸಿದ ಹಾಗೆ ಇರುತ್ತದೆ. ಪೈಪಿನ ಮೇಲಿಂದ ಜಾರಿಸಿ ಕೆಳಗೆ ಇಳಿಸಿದರೆ ನಟ್ಟಿನ ಐದು ಮೈಯನ್ನು ಅಪ್ಪಿಕೊಳ್ಳುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಿಡಿಯ ಮೇಲೆ ಅಂಗೈಯಿಂದ ಒಂದು ಪೆಟ್ಟು. ಟಕ್ ಅಂತ ಬಿಟ್ಟುಕೊಂಡಿತು. 10ರ ಈ ಒಂದೇ ಟೂಲಿಗೆ ನಾಲ್ಕು ಸ್ಪ್ಯಾನರಿನ ದುಡ್ಡು ಕೊಟ್ಟಿದ್ದೆ. ಹೊಸ ಪೈಪ್ ಹಾಕಿಸುವ ಖರ್ಚು ನೋಡಿದರೆ ಅಗ್ಗವೇ.

ಸ್ಪ್ಯಾನರ್ ತೊಳೆದಿಡುವುದು ಮರೆಯಬೇಡಿ. ಬ್ರೇಕ್ ಆಯಿಲ್ ತಾಗಿದ ಕಡೆ ಪೇಂಟ್ ಏಳುತ್ತದೆ, ಕಾರಿನದ್ದಾದರೂ ಸರಿ, ಪೆಟ್ಟಿಗೆಯದ್ದಾದರೂ ಸರಿ.

ಕಾರ್ಬ್ಯುರೇಟರ್ ಮುಚ್ಚಳ ತೆಗೆಯುವಾಗ ಇನ್ನೊಂದು ಪಾಠ. ನಾವು ಸ್ಟಾರ್ ಸ್ಕ್ರೂ ಅಂತ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ. ಜಪಾನಿ ಗಾಡಿಗಳ ಸ್ಕ್ರೂ ಬೇರೆ ಆಕಾರ. ಎಷ್ಟೋ ಸ್ಕ್ರೂಗಳ ತಲೆಯಲ್ಲಿ ಪ್ಲಸ್ ಗುರುತಿನ ಪಕ್ಕ ಒಂದು ಪುಟ್ಟ ಚುಕ್ಕೆ ಇರುತ್ತದೆ. ಸಾಮಾನ್ಯ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಇಳಿಯುವುದಿಲ್ಲ. ಬಲ ಹಾಕಿದಂತೆ ಮೇಲಕ್ಕೆ ಎದ್ದು ತಲೆಯನ್ನು ತಿಂದುಬಿಡುತ್ತದೆ. ಜಪಾನಿನ ವೆಸೆಲ್ ಕಂಪನಿಯ ಎರಡನೇ ನಂಬರಿನ ಸ್ಕ್ರೂಡ್ರೈವರ್ ತರಿಸಿಕೊಂಡೆ. ತುದಿ ಇಟ್ಟ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ, ಕೈಬಿಟ್ಟರೂ ಸ್ಕ್ರೂ ಮೇಲೆ ನೆಟ್ಟಗೆ ನಿಲ್ಲುತ್ತದೆ. ಯಮಹಾ, ಸುಜುಕಿ, ಹೋಂಡಾ ಹಳೆ ಬೈಕ್ ಇರುವವರು ಬೇರೆ ಏನು ಕೊಳ್ಳದಿದ್ದರೂ ಇದೊಂದು ಕೊಳ್ಳಿ.

ಕಟಿಂಗ್ ಪ್ಲೇಯರ್ ಕೊಳ್ಳುವವರಿಗೆ ಒಂದು ಮಾತು. ಬಾಯಿ ಮುಚ್ಚಿ ಬೆಳಕಿಗೆ ಹಿಡಿಯಿರಿ, ಕತ್ತರಿಸುವ ಅಂಚಿನ ನಡುವೆ ಬೆಳಕು ಸೋರಬಾರದು. ತೆಳು ಕಾಗದ ಕತ್ತರಿಸಿ ನೋಡಿ.

ಟಾರ್ಕ್ ರೆಂಚ್ ಬಗ್ಗೆ ತುಂಬಾ ದಿನ ಯೋಚಿಸಿದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಅರ್ಧ ಇಂಚಿನದು, 28ರಿಂದ 210 ನ್ಯೂಟನ್ ಮೀಟರ್. ಶುರುವಾಗುವುದೇ 28ಕ್ಕೆ. ಮಾರುತಿಯ ಸಣ್ಣ ಬೋಲ್ಟುಗಳಿಗೆ ಅದು ದಂಡ. ಸಾಧಾರಣ 8.8 ದರ್ಜೆಯ (ಬೋಲ್ಟಿನ ಗಟ್ಟಿತನದ ಗುರುತು) 8 ಎಂಎಂ ಬೋಲ್ಟಿಗೆ ಸುಮಾರು 25, 10 ಎಂಎಂ ಬೋಲ್ಟಿಗೆ ಸುಮಾರು 50 ಸಾಕು. ಕಾರಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಕಡೆಯ ಮಾತು. ಹಾಗಾಗಿ 19ರಿಂದ 110ರವರೆಗಿನ 3/8 ಇಂಚಿನದು ತಗೊಂಡೆ. ಕೆಲಸ ಮುಗಿದ ಮೇಲೆ ಸ್ಪ್ರಿಂಗ್ ಸಡಿಲ ಮಾಡಿ ಕಡಿಮೆ ಅಂಕಿಗೆ ತಂದಿಡಬೇಕು. ನಟ್ಟು ಬಿಚ್ಚೋಕೆ ಇದನ್ನು ಬಳಸುವವರನ್ನು ಕಂಡರೆ ಮೈ ಉರಿಯುತ್ತದೆ.

ಆಗಸ್ಟ್: ಪೆಟ್ಟಿಗೆ

ಇಷ್ಟೂ ಸಾಮಾನು ಅಲ್ಲಿವರೆಗೆ ಹಳೆ ಪೇಂಟ್ ಡಬ್ಬಿಯಲ್ಲಿ ಮತ್ತು ಅಮ್ಮ ಕೊಡಲ್ಲ ಕೊಡಲ್ಲ ಅಂದು ಕೊಟ್ಟ ಸ್ಟೀಲ್ ಡಬರಿಯಲ್ಲಿ ಇತ್ತು. "ಡಬರಿ ವಾಪಸ್ ಕೊಡ್ತೀಯೋ ಇಲ್ವೋ" ಅಂತ ದಿನಾ ಕೇಳುತ್ತಿದ್ದರು. ಪೆಟ್ಟಿಗೆ ಕೊಳ್ಳಲೇಬೇಕಾಯಿತು.

ನೋಡಿದ್ದು ಮೂರು ಬಗೆ. ಡ್ರಾಯರ್ ಇರುವ ಟ್ರಾಲಿ ಚೆಂದ, ಆದರೆ ಶೆಡ್ಡಿನ ನೆಲ ಮಣ್ಣು, ಚಕ್ರ ಉರುಳುವುದಿಲ್ಲ. ಅಗ್ಗದ ಟ್ರಾಲಿಗಳಲ್ಲಿ ಡ್ರಾಯರ್ ತಗಡಿನ ಮೇಲೆ ತಗಡು ಉಜ್ಜಿಕೊಂಡೇ ಓಡಾಡುತ್ತದೆ. ಸ್ಪ್ಯಾನರ್ ತುಂಬಿದ ಮೇಲೆ ಎಳೆಯೋಕೆ ಎರಡು ಕೈ ಬೇಕು. ಬಾಲ್ ಬೇರಿಂಗ್ ಹಳಿ ಇರುವುದು ಬೇಕೆಂದರೆ ಬೆಲೆ ಎಲ್ಲೋ ಹೋಗುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆ ಹಗುರ, ತುಕ್ಕಿಲ್ಲ, ಆದರೆ ಸ್ಪ್ಯಾನರ್ ಭಾರಕ್ಕೆ ಕೊಂಡಿ ಮತ್ತು ಹಿಡಿ ಮೊದಲು ಹೋಗುತ್ತವೆ. ಕೊನೆಗೆ ಎಲ್ಲ ಗ್ಯಾರೇಜಿನಲ್ಲೂ ಇರುವ ಐದು ಟ್ರೇಯ ಕಬ್ಬಿಣದ ಪೆಟ್ಟಿಗೆಗೇ ಬಂದೆ. ಹಿಡಿ ಎರಡೂ ಕಡೆ ಎಳೆದರೆ ಟ್ರೇಗಳು ಮೆಟ್ಟಿಲಿನಂತೆ ತೆರೆದುಕೊಳ್ಳುತ್ತವಲ್ಲ, ಅದು.

ಅದರಲ್ಲೂ ನೋಡುವುದು ಇದೆ. ತಗಡಿನ ಗೇಜ್ ಕೇಳಿ. ಗೇಜ್ ಸಂಖ್ಯೆ ಜಾಸ್ತಿ ಆದಷ್ಟೂ ತಗಡು ತೆಳು. 22 ಅಂದರೆ 0.7 ಎಂಎಂ, 20 ಅಂದರೆ 0.9, 18 ಅಂದರೆ 1.2. ನನ್ನದು 20. ಅಂಗಡಿಯಲ್ಲೇ ಪೂರ್ತಿ ಬಿಚ್ಚಿ, ಮೇಲಿನ ಟ್ರೇಯನ್ನು ಕೈಯಿಂದ ಒತ್ತಿ ನೋಡಿದೆ. ಟ್ರೇಗಳನ್ನು ಹಿಡಿದಿರುವ ಪಟ್ಟಿಗಳ ರಿವೆಟ್ ಸಡಿಲ ಇದ್ದರೆ ಆಗಲೇ ಓಲಾಡುತ್ತದೆ. ಅಂಚುಗಳ ಮೇಲೆ ಬೆರಳು ಆಡಿಸಿ. ಮಡಚದೇ ಬಿಟ್ಟ ತಗಡು ಬ್ಲೇಡಿನಷ್ಟೇ ಚೂಪು.

ಪೆಟ್ಟಿಗೆ ತುಂಬಿದ ಮೇಲೆ ಎತ್ತಿದರೆ ಸೊಂಟ ಹಿಡಿಯುತ್ತದೆ. 800ರ ಡಿಕ್ಕಿಯಲ್ಲಿ ಅದನ್ನಿಟ್ಟರೆ ಬೇರೇನೂ ಹಿಡಿಯುವುದಿಲ್ಲ. ದಾರಿಗೆ ಬೇಕಾದ್ದಕ್ಕೆ ಬೇರೆ ವ್ಯವಸ್ಥೆ ಮಾಡಿದೆ. ಆಟೋ ಕಾಂಪ್ಲೆಕ್ಸ್‌ನಲ್ಲಿ ಸೀಟ್ ಕವರ್ ಹೊಲಿಯುವವರ ಹತ್ತಿರ ಉಳಿದ ರೆಕ್ಸಿನ್ ಮತ್ತು ಟಾರ್ಪಾಲಿನ್ ತುಂಡಿನಲ್ಲಿ ಸ್ಪ್ಯಾನರ್ ಸುತ್ತಿಡುವ ರೋಲ್ ಹೊಲಿಸಿದೆ. ಹತ್ತು ಜೇಬು, ಮೇಲೆ ಮಡಚುವ ಒಂದು ಮುಚ್ಚಳ, ಕಟ್ಟೋಕೆ ಎರಡು ಲಾಡಿ. ಅವರು ಹೇಳಿದ ದುಡ್ಡಿಗೆ ಎರಡು ಮಸಾಲೆ ದೋಸೆ ಬರುತ್ತಿತ್ತು, ಅಷ್ಟೇ. ಇಡೀ ಯೋಜನೆಯಲ್ಲಿ ಕೊಟ್ಟ ಕಾಸಿಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಅಂತ ನನ್ನ ಅಭಿಪ್ರಾಯ.

ತುಕ್ಕಿಗೆ ಮಾಡಿದ್ದು ಸರಳ. ಟ್ರೇ ಅಡಿಗೆ ರಬ್ಬರ್ ಶೀಟ್ ಕತ್ತರಿಸಿ ಹಾಸಿದೆ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮನೆಯವರೆಲ್ಲ ಈಗ ನನಗೆ ತಂದುಕೊಡುತ್ತಾರೆ.

ಈಗ

108 ಪೀಸ್ ಸೆಟ್ಟಿನ ಬೆಲೆ ದಾಟಿದ್ದೇನೆ, ನಿಜ. ಆದರೆ ಪೆಟ್ಟಿಗೆಯಲ್ಲಿ ಕೈಗೆ ಹತ್ತದ ಟೂಲ್ ಒಂದೂ ಇಲ್ಲ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್ ಕೂಡ ಬಂದಿದೆ. ಕಾರಿನ ಜೊತೆ ಬರುವ ಜ್ಯಾಕ್ ಟೈರ್ ಬದಲಿಸೋಕೆ ಮಾತ್ರ, ಅದರ ಭರವಸೆಯ ಮೇಲೆ ಕಾರಿನಡಿ ನುಗ್ಗಬಾರದು. ಇಲ್ಲಿ ಅಗ್ಗ ನೋಡಲಿಲ್ಲ.

ಮುಂದಿನದು ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಪಟ್ಟಿ) ಬದಲಿಸುವುದು. ಅದಕ್ಕೆ ಕ್ರ್ಯಾಂಕ್ ಪುಲ್ಲಿ ಹಿಡಿಯುವ ಟೂಲ್ ಬೇಕು, ಪುಲ್ಲಿಯನ್ನು ಎಳೆದು ತೆಗೆಯುವ ಪುಲ್ಲರ್ ಬೇಕಾಗಬಹುದು. ವರ್ಷಗಟ್ಟಲೆ ಮೂಲೆಯಲ್ಲಿ ಕೂರುವ ಇಂಥವನ್ನು ನಾನು ಕೊಳ್ಳುವುದಿಲ್ಲ. ಭಾಯ್ ಹತ್ತಿರ ಕೇಳಿದೆ. "ಶನಿವಾರ ಸಂಜೆ ತಗೊಂಡು ಹೋಗಿ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿರಬೇಕು ಸಾರ್" ಅಂದಿದ್ದಾರೆ. ಸಣ್ಣ ಸಂದಿ ಅಳೆಯುವ ಫೀಲರ್ ಗೇಜ್ ಮಾತ್ರ ಸ್ವಂತದ್ದು ತರಬೇಕು, ವಾಲ್ವ್ ಸೆಟ್ಟಿಂಗ್‌ಗೆ ಮತ್ತೆ ಮತ್ತೆ ಬೇಕಾಗುತ್ತದೆ. ಬೆಲ್ಟ್ ಮತ್ತು ಟೆನ್ಷನರ್ ತಂದಾಗಿದೆ. ಮಳೆ ಒಂದೆರಡು ದಿನ ಬಿಡುವು ಕೊಟ್ಟರೆ ಬಿಚ್ಚುತ್ತೇನೆ.